‘ಕೆಲಸಕ್ಕೆ ಸಿದ್ಧ’

ಮಂಗಳವಾರ, ರಾತ್ರಿ

ಆಸ್ಪತ್ರೆಯ ಸಮವಸ್ತ್ರದ ಆರ್ಡರ್ ಬೇರೆಯವರ ಪಾಲಾಯಿತು. ತಿಳಿಸಿದವರು ಅಲ್ಲಿನ ಖರೀದಿ ವಿಭಾಗದ ಮೇಡಂ. “ಅಂಗಡಿ ಮುಚ್ಚಿ ಕೆಲಸ ಹುಡುಕ್ತಿದೀರಲ್ಲ, ಇನ್ನು ನಿಮ್ಮನ್ನೇನು ಕೇಳೋದು ಅಂತ ಬಿಟ್ವಿ” ಎಂದರು.

ವೃತ್ತಿಪರರ ಜಾಲತಾಣದಲ್ಲಿ ನನ್ನ ಫೋಟೊ ಸುತ್ತ ‘ಕೆಲಸಕ್ಕೆ ಸಿದ್ಧ’ ಎಂಬ ಹಸಿರು ಪಟ್ಟಿ ಹಾಕಿಕೊಂಡವನು ನಾನೇ. ನನ್ನ ಹೊಲಿಗೆ ಅಂಗಡಿಗೆ ಕೆಲಸ ಬರಲೆಂದು ಹಾಕಿದ್ದೆ. ನೋಡಿದವರು ನೌಕರಿ ಹುಡುಕುತ್ತಿದ್ದೇನೆ ಎಂದುಕೊಂಡರು.

ತಂಗಿ ನಕ್ಕಳು. “ಅಣ್ಣಾ, ಮದುವೆಗೆ ಸಿದ್ಧ ಅಂತ ಹಾಕಿದ್ರೆ ಹೆಣ್ಣಾದ್ರೂ ಸಿಗ್ತಿತ್ತು!”

ನನಗೆ ನಗು ಬರಲಿಲ್ಲ. ಆ ಆರ್ಡರನ್ನು ನಂಬಿಯೇ ಮೂವರು ಹೊಲಿಗೆಯವರನ್ನು ಇಲ್ಲಿಯವರೆಗೆ ಉಳಿಸಿಕೊಂಡಿದ್ದೆ. ಪಟ್ಟಿಯನ್ನು ಈಗ ತೆಗೆದೆ. ಇನ್ನು ನೀವು ಬರಬೇಡಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?

ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಬರುತ್ತಾರೆ.