ಎರಡು ಬೆರಳು ಕೊಸರು

ಶಾಲೆ, ತಳಿ ಊರು, ಸೋಮವಾರ

ಚಂದ್ರಲೇಖಾಳ ತಂದೆ ರಾಮಾಂಜಿನಪ್ಪನವರಿಗೆ ನಾಲ್ಕನೇ ತರಗತಿಯ ರಮಾದೇವಿ ಟೀಚರ್ ಮಾಡುವ ನಮಸ್ಕಾರಗಳು.

ತಾಯಿ ಬೈರಮ್ಮ ತೀರಿಕೊಂಡ ಮೇಲೆ ಮಗು ಒಂದೇ ಒಂದು ದಿನ ಶಾಲೆಗೆ ಬಂದಳು. ಆಮೇಲೆ ಯಾಕೆ ಬರಲಿಲ್ಲ ಎಂದು ನಿಮಗೆ ಹೇಳಿರಲಾರಳು. ತಪ್ಪು ನನ್ನದು.

ಕಳೆದ ತಿಂಗಳು ಅಳತೆಯ ಪಾಠಕ್ಕೆ, ಮನೆಯಲ್ಲಿ ಯಾರಾದರೊಬ್ಬರ ಮೊಳದಷ್ಟು ದಾರ ತನ್ನಿ ಎಂದಿದ್ದೆ. ಇವಳು ಬಸ್ ಸ್ಟಾಂಡಿನಲ್ಲಿ ಹೂವು ಮಾರುವ ತಾಯಿಯ ಮೊಳ ತಂದಳು. ಸ್ಕೇಲಿಟ್ಟು ನೋಡಿ, ಇಷ್ಟುದ್ದ ಇರಲಾರದು ಎಂದೆ.

“ಮೊಳದ ಮೇಲೆ ಎರಡು ಬೆರಳು ಕೊಸರು ಟೀಚರ್. ನಮ್ಮಮ್ಮ ಯಾರ್ಗೂ ಬರೀ ಮೊಳ ಕೊಡಾಕಿಲ್ಲ” ಅಂದಳು.

ಅಳತೆಯಲ್ಲಿ ಕೊಸರು ಇಲ್ಲ ಎಂದು ಹೇಳಿ ನಾನೇ ಆ ತುದಿಯನ್ನು ಕತ್ತರಿಸಿಬಿಟ್ಟೆ. ಅದು ಅಂದೇ ಕಸಕ್ಕೆ ಹೋಯಿತು.

ಹೋದ ವಾರ ಆ ಒಂದು ದಿನ ಬಂದವಳು, ಎಲ್ಲರ ದಾರ ಇಟ್ಟಿದ್ದ ತರಗತಿಯ ಡಬ್ಬಿಯಿಂದ ಆ ದಾರ ತೆಗೆದಳು. ಬಹಳ ಹೊತ್ತು ನೋಡಿ, “ಇದು ನಮ್ಮಮ್ಮಂದಲ್ಲ” ಎಂದು ಅಲ್ಲೇ ಇಟ್ಟು ಹೋದಳು.

ಒಂದು ಕೋರಿಕೆ. ಬೈರಮ್ಮ ಅಳೆದು ಹಾಕಿದ ಹೂವು ನಿಮ್ಮ ಮನೆಯ ದೇವರ ಪಟದ ಮೇಲೆ ಇನ್ನೂ ಇದ್ದರೆ ಬಿಸಾಡಬೇಡಿ, ಮಗುವಿನ ಕೈಯಲ್ಲೇ ಕಳಿಸಿ. ಹೂವು ಒಣಗಿ ಉದುರಿದ್ದರೂ ಕಟ್ಟಿದ ದಾರದ ಉದ್ದ ಹಾಗೇ ಇರುತ್ತದೆ. ಅವಳೇ ಅಳೆಯಲಿ. ಎಷ್ಟು ಬಂದರೂ ಒಂದು ಮೊಳವೆಂದರೆ ಅದೇ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ.

ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ ಎಂದು ಅವಳಿಗೆ ಹೇಳಿ.

ಇಂತಿ,
ರಮಾದೇವಿ