ನಿನಗೆ ಅಂತ ಆರಿಸಿದ ಪಟರ್

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ,
ಮಾರ್ಚ್ 12, ಮಂಗಳವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಬಿಡುತ್ತಿಲ್ಲ ಅಂತ ಬರೆದಿದ್ದೆ, ಈಗ ಕಡಿಮೆಯಾಯಿತಾ? ಬಿಸಿನೀರು ಕುಡಿ ಅನ್ನುವಷ್ಟು ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಕುಡಿ. ನಿನ್ನಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತಂತೆ, ದಪ್ಪ ಕನ್ನಡಕ ಹೋಯಿತಂತೆ. ಪಕ್ಕದ ಕೋಣೆಯ ಪಿ.ಟಿ. ಟೀಚರ್ ಹೇಳಿದಳು. ಅವಳು ನಿನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವಳು ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಸುದ್ದಿ ಅಷ್ಟಿಷ್ಟು ನನ್ನ ಕಿವಿಗೆ ಬೀಳುತ್ತದೆ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ಬೆಳಗ್ಗೆ ಒಂದು, ಮರೆಯದೆ ತಗೊಳ್ಳುತ್ತೇನೆ. ಬಲಗೈ ಗಿಣ್ಣುಗಳು ಇನ್ನೂ ಊದಿಕೊಂಡಿವೆ, ಯಾಕೆ ಅಂತ ಮುಂದೆ ಬರೆಯುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ನೀನು ಬರೆದದ್ದು ನಾಲ್ಕೇ ಸಾಲು. ಹತ್ತೊಂಬತ್ತು ವರ್ಷದಲ್ಲಿ ನೀನು ನನಗೆ ಬರೆದ ಮೊದಲ ಕಾಗದ. ಆಫೀಸಿನವರು ಭಾನುವಾರ ಡಿಸ್ಕ್ ಗಾಲ್ಫ್ ಆಡಲು ಕರೆಯುತ್ತಿದ್ದಾರೆ, ನಾನು ಒಂದು ವರ್ಷದಿಂದ ಆಡುತ್ತಿರುವುದನ್ನು ಟೀಚರ್ ಹೇಳಿದಳಂತೆ, ಮೊದಲು ಯಾವ ಪಟರ್ ತಗೊಳ್ಳಲಿ ಅಂತ ಕೇಳಿದ್ದೆ. ಓದಿ ಮಡಚಿ ಅಂಗಿ ಜೇಬಿಗೆ ಇಟ್ಟೆ, ಐದು ನಿಮಿಷಕ್ಕೆ ಮತ್ತೆ ತೆಗೆದೆ. ಟೀಚರ್‌ಗೆ ತೋರಿಸಿದೆ. ಕೆಳಗಿನ ಸೈಕಲ್ ಅಂಗಡಿಯವನಿಗೂ ತೋರಿಸಿದೆ. ಅವನು ಪಟರ್ ಅಂದರೇನು ಅಂತ ಬಾಯಿತಪ್ಪಿ ಕೇಳಿಬಿಟ್ಟ, ಅರ್ಧ ಗಂಟೆ ಅವನ ತಲೆ ತಿಂದೆ. ಪಂಚರ್ ಹಾಕಿಸಲು ಬಂದವರೂ ನಿಂತು ಕೇಳಿಸಿಕೊಳ್ಳಬೇಕಾಯಿತು. ಮಗಳು ಅಪ್ಪನನ್ನು ಒಂದು ವಿಷಯ ಕೇಳಿದ್ದಾಳೆ ಅನ್ನುವುದು ಅವರಿಗೆಲ್ಲ ಏನು ದೊಡ್ಡ ಸುದ್ದಿ ಹೇಳು.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಉಳಿದದ್ದನ್ನು ಓದದೆ ಹರಿದು ಹಾಕಿದರೂ ಇಷ್ಟು ನಿನಗೆ ಸಿಕ್ಕಿರಲಿ. ಆಟ ಇಷ್ಟೇ: ಮೈದಾನದಲ್ಲಿ ದೂರ ದೂರಕ್ಕೆ ಕಂಬ ನೆಟ್ಟಿರುತ್ತಾರೆ, ಕಂಬಕ್ಕೆ ಕಬ್ಬಿಣದ ಬುಟ್ಟಿ, ಮೇಲಿಂದ ಇಳಿಬಿಟ್ಟ ಸರಪಳಿಗಳು. ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕ್ ಎಸೆಯುತ್ತಾ ಹೋಗಿ ಕೊನೆಗೆ ಬುಟ್ಟಿಗೆ ಬೀಳಿಸಬೇಕು. ದೂರ ಹಾರುವ ಡಿಸ್ಕ್‌ಗಳ ಮೇಲೆ ಈಗಲೇ ಕಣ್ಣು ಹಾಕಬೇಡ. ಅವುಗಳ ಅಂಚು ಚೂಪು, ಕೈ ಪಳಗದವರು ಎಸೆದರೆ ಎಡಕ್ಕೆ ಹೊರಳಿ ಪೊದೆ ಸೇರುತ್ತವೆ. ಪಟರ್ ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವ ಡಿಸ್ಕ್, ಅದರ ಅಂಚು ಮೊಂಡು. ನಿಧಾನವಾಗಿ, ನೆಟ್ಟಗೆ ಹೋಗುತ್ತದೆ. ಮೊದಲ ಆರು ತಿಂಗಳು ಇಡೀ ಆಟ ಅದೊಂದರಲ್ಲೇ ಆಡು. ನೂರ ಅರವತ್ತೈದರಿಂದ ನೂರ ಎಪ್ಪತ್ತು ಗ್ರಾಂ ಒಳಗೆ ಇರಲಿ. ಗಾಜಿನ ಹಾಗೆ ಹೊಳೆಯುವುದನ್ನು ಬಿಡು, ಬೆವರಿದ ಕೈಗೂ ಹಿಡಿತ ಸಿಗುವಂಥ ಒರಟು ಸಾದಾ ಪ್ಲಾಸ್ಟಿಕ್ ತಗೋ. ಕೆಲವಕ್ಕೆ ಅಂಚಿನ ಕೆಳಗೆ ದಾರದಷ್ಟು ದಪ್ಪದ ಉಬ್ಬು ಇರುತ್ತದೆ, ಕೆಲವು ನುಣ್ಣಗಿರುತ್ತವೆ. ಕಣ್ಣು ಮುಚ್ಚಿ ಎರಡನ್ನೂ ಹಿಡಿದು ನೋಡು. ಬಿಡುವಾಗ ಯಾವುದು ಬೆರಳಿಗೆ ತೊಡರುವುದಿಲ್ಲವೋ ಅದು ನಿನ್ನದು. ಯಾರಾದರೂ ಬುದ್ಧಿವಂತರು ಬಂದು ಇದಲ್ಲ ಅದು ಅಂದರೆ ನಕ್ಕು ಸುಮ್ಮನಿರು.

ಇಷ್ಟು ಬರೆದು ಪೋಸ್ಟ್ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಾನೇ ಆರಿಸಿ ಕಳಿಸಬೇಕು ಅನ್ನುವ ಆಸೆ ಹುಟ್ಟಿತು. ಹೋದ ತಿಂಗಳ ಕೊನೆ ಶನಿವಾರ ಬೆಳಗ್ಗೆ, ಗಡ್ಡ ಬೋಳಿಸಿಕೊಂಡು, ಬಸ್ ಡಿಪೋ ಹಿಂದಿನ ಆಟದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯಾಕೆ ಐವತ್ತರ ಹೆಂಗಸು, ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ, ಯಾಕೆ ಅಂತ ಕೇಳುವ ಧೈರ್ಯ ಇದುವರೆಗೂ ಯಾರಿಗೂ ಬಂದಿಲ್ಲ. ಅಂಗಡಿಯ ಹಿತ್ತಲಲ್ಲಿ ಒಂದು ಬುಟ್ಟಿ ನಿಲ್ಲಿಸಿದ್ದಾಳೆ, ಎಸೆದು ನೋಡಿ ತಗೊಳ್ಳಬಹುದು. ಮಗಳಿಗೆ ಬೇಕು, ಹೊಸಬಳು ಅಂದೆ. ಅವಳು ಆರೇಳು ಪಟರ್ ತಂದು ಹರಡಿ, ಮಗಳ ಕೈ ಎಷ್ಟು ದೊಡ್ಡದು, ಅಂಗೈ ಅಗಲವೋ, ಬೆರಳು ಉದ್ದವೋ ಅಂತ ಕೇಳಿದಳು. ನಾನು ಪಟರ್‌ಗಳನ್ನು ಒಂದೊಂದಾಗಿ ಎತ್ತಿ ಇಟ್ಟೆ. ನಿಮ್ಮ ಕೈ ತೋರಿಸಿ, ಅಂದಾಜು ಸಿಗುತ್ತೆ ಅಂದಳು. ಕಾರ್ಖಾನೆಯ ತಗಡಿನ ಪ್ರೆಸ್ಸು ನನ್ನ ಕಿರುಬೆರಳನ್ನು ಅರ್ಧ ತಿಂದಿರುವುದು ನಿನಗೆ ಗೊತ್ತೇ ಇದೆ. ಆ ಕೈಯನ್ನು ನೋಡಿ ಅವಳು ಅಂದಾಜಿನ ಮಾತು ಬಿಟ್ಟಳು. ನೀನೂ ನಿನ್ನಮ್ಮನೂ ಮನೆ ಬಿಟ್ಟಾಗ ನಿನಗೆ ಹದಿನಾಲ್ಕು. ಆದರೆ ಆ ವಯಸ್ಸಿನ ನಿನ್ನ ಕೈ ನನ್ನ ಕಣ್ಣಿಗೆ ಬರಲಿಲ್ಲ. ನೆನಪಿಗೆ ಬಂದದ್ದು ತೀರಾ ಚಿಕ್ಕದು, ಅದು ಎಲ್ಲಿಯದು ಅಂತ ಆಗ ಹೊಳೆಯಲಿಲ್ಲ. ಕೊನೆಗೆ ಅಂಗಡಿಯಾಕೆ ತನ್ನ ಕೈಗೆ ಹೊಂದುವ ಒಂದನ್ನು ಎತ್ತಿಕೊಟ್ಟಳು. ನೀಲಿ ಬಣ್ಣದ್ದು, ಮೆತ್ತನೆ ಅಂಚಿನದು, ಎರಡು ಬೆರಳಲ್ಲಿ ಒತ್ತಿದರೆ ರೊಟ್ಟಿಯ ಹಾಗೆ ಬಾಗುತ್ತಿತ್ತು. ಹಿತ್ತಲಿಗೆ ಹೋಗಿ ಹತ್ತು ಸಲ ಎಸೆದೆ, ಏಳು ಸಲ ಬುಟ್ಟಿಗೆ ಬಿತ್ತು. ಖುಷಿಯಾಯಿತು.

ಅಷ್ಟರಲ್ಲಿ ಒಬ್ಬ ಗಂಡಸು ತನ್ನ ಮಗಳನ್ನು ಕರೆದುಕೊಂಡು ಹಿತ್ತಲಿಗೆ ಬಂದ. ಗರಿಗರಿ ಇಸ್ತ್ರಿ ಅಂಗಿ, ನಲವತ್ತರ ಆಸುಪಾಸು. ಹುಡುಗಿಗೆ ಎಂಟೊಂಬತ್ತು ವರ್ಷ, ಎರಡು ಜಡೆ. ಮಗುವಿಗೆ ಹಗುರವಾದ ಪಟರ್ ಕೊಡಿಸಿ ಅಂತ ಅಂಗಡಿಯಾಕೆ ಹೇಳಿದ್ದಳಂತೆ. ಇಸ್ತ್ರಿ ಅಂಗಿಯವನು ಕೇಳದೆ ದೂರ ಹಾರುವ ಚೂಪಂಚಿನದನ್ನೇ ತಂದಿದ್ದ. ಆಡುವುದಾದರೆ ದೊಡ್ಡವರ ಹಾಗೆ ಆಡು ಅಂತ ಅವಳ ಕೈಗೆ ತುರುಕಿದ. ಮಗು ಎಸೆಯಿತು. ಅದು ಎಡಕ್ಕೆ ಹೊರಳಿ ಕಿಟಕಿಗೆ ಬಡಿದು ಗಾಜು ಒಡೆಯಿತು. ಅವನು ಗದರಿಸಲಿಲ್ಲ ಮಗಳೇ. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡ. ಆ ಹುಡುಗಿ ತಾನಾಗಿಯೇ ಕಣ್ಣು ಮುಚ್ಚಿ ಹಲ್ಲು ಕಚ್ಚಿ ನಿಂತಳು. ವಾಚು ಬಿಚ್ಚುವುದು ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅವನು ಕೊಟ್ಟ ಏಟಿಗೆ ಹುಡುಗಿ ಹಾರಿ ಹೋಗಿ ಬುಟ್ಟಿಯ ಕಂಬಕ್ಕೆ ತಲೆ ಬಡಿದುಕೊಂಡಳು. ಸರಪಳಿಗಳೆಲ್ಲ ಝಲ್ಲೆಂದವು. ಹಣೆ ಬಿರಿದು ರಕ್ತ ಒಂದು ಜಡೆಯ ಮೇಲೆ ಇಳಿಯಿತು. ಅವನು ಎರಡನೇ ಸಲ ಕೈ ಎತ್ತಿದ.

ನನ್ನ ಕೈಯಲ್ಲಿ ನಿನ್ನ ಪಟರ್ ಇತ್ತು. ಅದರಿಂದಲೇ ಅವನ ಮುಖಕ್ಕೆ ಬೀಸಿದೆ. ಅದು ಮೂಗಿನ ಮೇಲೆ ಮೆತ್ತಗೆ ಬಾಗಿತು, ಅವನಿಗೆ ಏನೂ ಆಗಲಿಲ್ಲ, ಆಶ್ಚರ್ಯದಿಂದ ನನ್ನನ್ನೇ ನೋಡಿದ. ಅದನ್ನು ಬಿಸಾಕಿ ಮುಷ್ಟಿಯಿಂದ ಗುದ್ದಿದೆ. ಮೂಗಿನ ಮೂಳೆ ಲಟಕ್ಕೆಂದದ್ದು ನನ್ನ ಮೊಣಕೈವರೆಗೂ ತಿಳಿಯಿತು. ಅವನು ಹಿಂದಕ್ಕೆ ಬಿದ್ದ. ಅಲ್ಲಿಗೆ ಮುಗಿಯಬೇಕಿತ್ತು. ಮಗು ಅವನ ಕೈಗೆ ಸಿಗದಷ್ಟು ದೂರದಲ್ಲಿತ್ತು, ಅಂಗಡಿಯಾಕೆ ಓಡಿ ಬಂದು ಅವಳನ್ನು ಎತ್ತಿಕೊಂಡಿದ್ದಳು, ಅವನು ಎದ್ದೇಳುವ ಸ್ಥಿತಿಯಲ್ಲಿ ಇರಲಿಲ್ಲ. ನಾನು ಅವನ ಎದೆಯ ಮೇಲೆ ಒಂದು ಮೊಣಕಾಲೂರಿ ಬಗ್ಗಿದೆ. ಕಾಲರ್ ಹಿಡಿದು ತಲೆ ಎತ್ತಿ ಎತ್ತಿ ಹೊಡೆದೆ. ಎಡಗಣ್ಣು ಮುಚ್ಚಿಹೋಗುವವರೆಗೂ ಹೊಡೆದೆ, ಮುಚ್ಚಿದ ಮೇಲೂ ಅದೇ ಜಾಗಕ್ಕೆ ಹೊಡೆದೆ. ಅವನು ಬಿಡಿ ಅಂದ. ಬಾಯಲ್ಲಿ ರಕ್ತ ತುಂಬಿಕೊಂಡು ಆ ಮಾತೂ ಸರಿಯಾಗಿ ಹೊರಡಲಿಲ್ಲ. ನಿನಗೆ ಸುಳ್ಳು ಬರೆಯುವುದಿಲ್ಲ. ನನಗೆ ಹಿತವಾಗಿತ್ತು. ಎಷ್ಟೋ ವರ್ಷದಿಂದ ಬೀಗ ಹಾಕಿದ್ದ ಕೋಣೆಗೆ ಹೋಗಿ, ನನ್ನ ಸಾಮಾನೆಲ್ಲ ಇಟ್ಟಲ್ಲೇ ಇದೆ ಅಂತ ಕಂಡ ಹಾಗೆ ಇತ್ತು.

ಆಗ ಯಾರೋ ಹಿಂದಿನಿಂದ ನನ್ನ ಕಾಲು ಹಿಡಿದರು. ಆ ಹುಡುಗಿ ಅಂಗಡಿಯಾಕೆಯ ಕೈಯಿಂದ ಬಿಡಿಸಿಕೊಂಡು ಬಂದಿದ್ದಳು. ಹಣೆಯಿಂದ ರಕ್ತ ಸುರಿಯುತ್ತಿದ್ದರೂ ಎರಡೂ ಕೈಯಲ್ಲಿ ನನ್ನ ಮಂಡಿಯ ಹಿಂದೆ ಪ್ಯಾಂಟು ಬಿಗಿಯಾಗಿ ಹಿಡಿದುಕೊಂಡು, ಕೂಗಾಡದೆ, ಮೆಲ್ಲಗೆ ಹೇಳಿದಳು:

"ನಮ್ಮಪ್ಪನಿಗೆ ಹೊಡೀಬೇಡಿ ತಾತ."

ನಿನ್ನ ಕೈ ನನಗೆ ಎಲ್ಲಿ ನೆನಪಿದೆ ಅಂತ ಆಗ ಗೊತ್ತಾಯಿತು. ನೀನು ಏಳು ವರ್ಷದವಳು. ಅಡುಗೆಮನೆಯಲ್ಲಿ ಎಡಗೈಯಿಂದ ನಿನ್ನಮ್ಮನ ಕೂದಲು ಸುತ್ತಿ ಹಿಡಿದು ಗೋಡೆಗೆ ಒತ್ತಿದ್ದೆ, ಬಲಗೈ ಮೇಲೆ ಇತ್ತು. ನೀನು ಬಂದು ಇದೇ ಮಂಡಿಯ ಹಿಂದೆ, ಇದೇ ರೀತಿ ಹಿಡಿದುಕೊಂಡು, ಅಮ್ಮನಿಗೆ ಹೊಡೀಬೇಡ ಅಂದೆ. ನಾನು ಕಾಲು ಝಾಡಿಸಿದೆ. ನೀನು ಬಾಗಿಲ ಚೌಕಟ್ಟಿಗೆ ಹೋಗಿ ಬಡಿದುಕೊಂಡೆ, ಹಾಗೆ ಬಿದ್ದಲ್ಲೇ ಕೂತು ನೋಡುತ್ತಿದ್ದೆ. ನಾನು ನಿಲ್ಲಿಸಲಿಲ್ಲ. ಅವತ್ತು ಯಾವ ಕಾರಣಕ್ಕೆ ಹೊಡೆದೆ ಅಂತ, ಈಗ ಅಂಗಡಿಯ ಹೊಡೆದಾಟಕ್ಕೆ ಪೊಲೀಸರು ಹಾಕಿದ ಲಾಕಪ್ಪಿನಲ್ಲಿ ಕೂತು ಮೂರು ದಿನ ಯೋಚಿಸಿದೆ. ಎಷ್ಟು ಯೋಚಿಸಿದರೂ ಕಾರಣ ನೆನಪಾಗಲಿಲ್ಲ. ಏಟು ಮಾತ್ರ ಒಂದೊಂದೂ ನೆನಪಿದೆ.

ಈ ಸಲ ನಿಲ್ಲಿಸಿದೆ. ಎದ್ದು, ಕಾಲು ಅಲ್ಲಾಡಿಸದೆ, ಅವಳೇ ಬಿಡುವವರೆಗೂ ನಿಂತೆ. ಅದೇನೂ ದೊಡ್ಡಸ್ತಿಕೆ ಅಲ್ಲ, ಆ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಅವನ ಮೂಗು ಮುರಿದಿದೆ, ಕಣ್ಣಿನ ಸುತ್ತಲ ಮೂಳೆ ಎರಡು ಕಡೆ ಸೀಳಿದೆ, ಎಡಗಣ್ಣಿನ ದೃಷ್ಟಿ ಬರುವುದು ಕಷ್ಟವಂತೆ. ಮಗುವಿನ ಹಣೆಗೆ ಐದು ಹೊಲಿಗೆ. ಈಗ ದೊಡ್ಡಮ್ಮನ ಮನೆಯಲ್ಲಿ ಇದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ ಅಂತ ಟೀಚರ್ ವಿಚಾರಿಸಿಕೊಂಡು ಬಂದಳು. ನನಗೆ ಜಾಮೀನು ನಿಂತವಳೂ ಅವಳೇ. ನಿನ್ನ ಸ್ನೇಹಿತೆ ಬಹಳ ಒಳ್ಳೆಯವಳು, ಅವಳ ಅಡುಗೆಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಹೊಗಳಬಹುದು.

ಲಾಕಪ್ಪಿನಿಂದ ಬಂದ ದಿನ ನಮ್ಮ ಬೀದಿಯವರು ನನ್ನನ್ನು ನೋಡಿದ ರೀತಿ ನೀನು ನೋಡಬೇಕಿತ್ತು. ಸೈಕಲ್ ಅಂಗಡಿಯವನು ಎದ್ದು ನಿಂತು ಕುರ್ಚಿ ಕೊಟ್ಟ. ಟೀ ಅಂಗಡಿಯವನು ಕರೆಯದೆ ಟೀ ತಂದ. ಸರಿಯಾಗಿ ಬುದ್ಧಿ ಕಲಿಸಿದಿರಿ ಅಂತ ಗುರುತಿಲ್ಲದವರೂ ಬಂದು ಬೆನ್ನು ತಟ್ಟಿದರು. ಅಷ್ಟು ಜನ ನನ್ನನ್ನು ಮೆಚ್ಚಿದ್ದು ಇದೇ ಮೊದಲು, ಅದೂ ಇಂಥ ಕೆಲಸಕ್ಕೆ. ಕುರ್ಚಿಯಲ್ಲಿ ಕೂತಿರಲಾಗದೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಮಾರನೇ ದಿನ ಕಿಟಕಿ ಗಾಜಿನ ವಿಷಯ ಮಾತಾಡೋಣ ಅಂತ ಆಟದ ಅಂಗಡಿಗೆ ಹೋದೆ. ಅಂಗಡಿಯಾಕೆ ಮಾತ್ರ ಬೆನ್ನು ತಟ್ಟಲಿಲ್ಲ. ಗಾಜಿನ ಮಾತು ಬೇಡ ಅಂದಳು. ಸೀಟಿಯ ದಾರ ಬೆರಳಿಗೆ ಸುತ್ತುತ್ತಾ, ನನ್ನ ಮುಖ ನೋಡಿ ಹೇಳಿದಳು.

"ಮೊದಲ ಎರಡು ಏಟು ಆ ಮಗುವಿಗೋಸ್ಕರ. ಅದಾದ ಮೇಲಿನದ್ದೆಲ್ಲ ನಿಮಗೋಸ್ಕರ ಹೊಡೆದಿರಿ. ಪೊಲೀಸರಿಗೂ ಹಾಗೇ ಹೇಳಿದ್ದೀನಿ."

ಸರಿಯಾಗಿ ಹೇಳಿದ್ದೀರಿ ಅಂದೆ. ಬಾಗಿಲ ತನಕ ಬಂದವಳು, ನಿಮ್ಮ ಮಗಳಿಗೆ ಇನ್ನೊಂದು ಪಟರ್ ಕೊಡಲಾ ಅಂತ ಕೇಳಿದಳು. ಬೇಡ ಅಂದೆ. ನಾನು ಆರಿಸಿದ ನೀಲಿಯದನ್ನು ಪೊಲೀಸರು ಚೀಟಿ ಅಂಟಿಸಿ ಪ್ಲಾಸ್ಟಿಕ್ ಚೀಲದಲ್ಲಿ ಸಾಕ್ಷಿಗೆ ಇಟ್ಟುಕೊಂಡಿದ್ದಾರೆ, ವಾಪಸ್ ಬರುವುದಿಲ್ಲ. ನನ್ನ ಈ ಕೈಯಲ್ಲಿ ಇನ್ನೊಂದನ್ನು ಹಿಡಿದು ನೋಡಿ ನಿನಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ನೀನೇ ಅಂಗಡಿಗೆ ಹೋಗು. ಅವಸರ ಮಾಡಬೇಡ, ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡು. ಆಟ ಚೆನ್ನಾಗಿದೆ ಮಗಳೇ, ಅದರ ಮೇಲೆ ಬೇಸರ ಮಾಡಿಕೊಳ್ಳಬೇಡ. ಬೆಳಗ್ಗೆ ಹೊತ್ತು ಹುಲ್ಲಿನ ಮೇಲೆ ಒಬ್ಬಳೇ ನಿಂತು ಎಸೆದು, ಹೋಗಿ ಎತ್ತಿಕೊಂಡು, ಮತ್ತೆ ಎಸೆಯುವಾಗ ಮನಸ್ಸಿಗೆ ಏನೋ ಸಮಾಧಾನ. ಒಂದು ವರ್ಷ ನನಗೆ ಅದು ಸಿಕ್ಕಿತ್ತು.

ಕೆಮ್ಮಿಗೆ ಡಾಕ್ಟರಿಗೆ ತೋರಿಸು, ತಾನಾಗೇ ಹೋಗುತ್ತೆ ಅಂತ ಕೂರಬೇಡ. ನಿನ್ನಮ್ಮ ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಳ್ಳುವುದು ಮರೆಯದಿರಲಿ. ನಾನು ಕೇಳಿದೆ ಅಂತ ಅವಳಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಿಮ್ಮಿಬ್ಬರಿಗೂ ಒಳ್ಳೆಯ ನಿದ್ದೆ, ಒಳ್ಳೆಯ ದಿನಗಳು ಸಿಗಲಿ.

ನಿನ್ನ ಅಪ್ಪ

ತಾ.ಕ. ಪೋಸ್ಟಿನವನು ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಟೀಚರ್ ಹತ್ತಿರ ನನ್ನ ವಕೀಲ ನಿನ್ನ ನಂಬರ್ ಇಸ್ಕೊಂಡಿದ್ದಾನೆ, ಈ ವಾರದೊಳಗೆ ಫೋನ್ ಮಾಡುತ್ತಾನೆ. ನಮ್ಮಪ್ಪ ಮನೆಯಲ್ಲಿ ಯಾವತ್ತೂ ಕೈ ಎತ್ತಿದವರಲ್ಲ ಅಂತ ನೀನು ಕೋರ್ಟಿನಲ್ಲಿ ಹೇಳಬೇಕಂತೆ, ಹೇಳಿದರೆ ನನಗೆ ಜೈಲು ತಪ್ಪಬಹುದಂತೆ. ಹಾಗಲ್ಲ ಅಂತ ಅವನಿಗೆ ನಾನೇ ಎರಡು ಸಲ ಹೇಳಿದೆ, ವಯಸ್ಸಾಯಿತು, ಏನೇನೋ ಯೋಚನೆ ಮಾಡುತ್ತೀರಿ ಅಂತ ನಗುತ್ತಾನೆ. ನೀನು ಹಾಗೆ ಹೇಳಬೇಡ. ಬರಲು ಇಷ್ಟವಿಲ್ಲದಿದ್ದರೆ ಬರಲೂಬೇಡ, ಬಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ನಿನಗೆ ಒಂಬತ್ತು ವರ್ಷ ಇದ್ದಾಗ, ಆಸ್ಪತ್ರೆಯಲ್ಲಿ, ಅಮ್ಮನಿಗೆ ಏನಾಯಿತಮ್ಮ ಅಂತ ಡಾಕ್ಟರ್ ನಿನ್ನನ್ನು ಕೇಳಿದರು. ನೀನು ನನ್ನ ಮುಖ ನೋಡಿದೆ, ನೋಡಿ, ಬಚ್ಚಲಲ್ಲಿ ಜಾರಿ ಬಿದ್ದಳು ಅಂದೆ. ಈ ಸಲ ನನ್ನ ಕಡೆ ನೋಡಬೇಡ.