ಪರದೆ ಮರೆಯ ಮಾತು

ಮಾನ್ಯ ಎಂಜಿನಿಯರ್ ಸಾಹೇಬರಿಗೆ ನಮಸ್ಕಾರ.

ನಮ್ಮ ನಾಟಕ ಮಂದಿರವನ್ನು ಸೋಮವಾರದಿಂದ ಕೆಡವುತ್ತೀರೆಂದು ಗೊತ್ತಾಯಿತು. ಬೇಡ ಎನ್ನಲು ಈ ಕಾಗದ ಬರೆಯುತ್ತಿಲ್ಲ.

ನಿಮ್ಮ ಕೆಲಸದವರು ‘ನಾಲ್ಕು ಗಂಟೆ ತಾತ’ ಎಂದು ಕರೆಯುವುದು ನನ್ನ ಅಪ್ಪನನ್ನು, ಅಲ್ಲಿ ಮೂವತ್ತು ವರ್ಷ ಪಾತ್ರ ಮಾಡಿದವರನ್ನು. ಈಗ ಅವರಿಗೆ ಮರೆವು. ಬೀದಿಗಳೆಲ್ಲ ಬದಲಾಗಿ ಮನೆಯ ದಾರಿಯೇ ತಪ್ಪುತ್ತದೆ. ನಾಟಕ ಮಂದಿರದ ದಾರಿ ಮಾತ್ರ ತಪ್ಪುವುದಿಲ್ಲ. ದಿನಾ ನಾಲ್ಕು ಗಂಟೆಗೆ ಬಂದು ಖಾಲಿ ರಂಗದ ಮೇಲೆ ಕೊನೆಯ ದೃಶ್ಯ ಆಡುತ್ತಾರೆ. ಅದರಲ್ಲಿ ಒಂದು ಮಾತಿಗೆ ಮೊದಲಿನಿಂದಲೂ ತಡವರಿಸುವವರು. ಆಗೆಲ್ಲ ಪರದೆ ಮರೆಯಿಂದ ಅಮ್ಮ ಹೇಳಿಕೊಡುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅಲ್ಲಿ ನಿಲ್ಲುವವಳು ನಾನು. ಆ ಮಾತು ಕಿವಿಗೆ ಬೀಳುವ ತನಕ ಅವರು ಕೆಳಗಿಳಿಯುವುದಿಲ್ಲ.

ಶನಿವಾರ ನನಗೆ ಆಸ್ಪತ್ರೆಯಲ್ಲಿ ಡ್ಯೂಟಿಯಿದೆ. ನಿಮ್ಮವರು ಯಾರಾದರೂ ಪರದೆ ಮರೆಯಲ್ಲಿ ನಿಂತು, “ನಾನಿನ್ನು ಬರ್ತೀನಿ, ಬಾಗಿಲು ಹಾಕ್ಕೋ” ಎಂದು ಹೇಳಿಕೊಡಬೇಕು. ಜೋರಾಗಿ ಹೇಳಿದರೆ, “ಮೆಲ್ಲಗೆ ಕಣೇ, ಜನಕ್ಕೆ ಕೇಳ್ಸುತ್ತೆ!” ಎಂದು ಗದರುತ್ತಾರೆ. ಗಂಡಸರು ಬೇಸರ ಮಾಡಿಕೊಳ್ಳಬಾರದು.

ಭಾನುವಾರ ನಾನೇ ಬರುತ್ತೇನೆ. ಅವತ್ತು ಆ ಮಾತನ್ನು ಅಷ್ಟು ಬೇಗ ಹೇಳಿಕೊಡಲಾರೆ. ಗೇಟು ಸ್ವಲ್ಪ ತಡವಾಗಿ ಹಾಕಿಸಿ.

ಇಷ್ಟನ್ನೇ ಕೇಳಿಕೊಳ್ಳುವ,
ನಾಲ್ಕು ಗಂಟೆ ತಾತನ ಮಗಳು